ವಚನದ ಬದಲು ಕಳಿಸಿದ ರಾಕ್ ರೆಕಾರ್ಡನ್ನು ವಾಪಸು ಕೇಳುತ್ತಿರುವ ಕಂಪನಿಗೆ

ನಾದಪೆಟ್ಟಿಗೆ ಆನ್‌ಲೈನ್ ಮಳಿಗೆಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ನರಸಿಂಹರಾಜಪುರದ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ರಾಜಶೇಖರ್ ಮಾಡುವ ಶರಣು ಶರಣಾರ್ಥಿಗಳು. ತಾವು, ತಮ್ಮ ಗೋದಾಮಿನ ಸಿಬ್ಬಂದಿ, ಹಾಗೂ ನಾನು ಮೂರು ದಿನದಲ್ಲಿ ಬರೆದ ಹದಿನಾಲ್ಕು ದೂರುಗಳಿಗೂ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಒಂದಕ್ಷರವೂ ಆಚೀಚೆಯಾಗದಂತೆ ಉತ್ತರಿಸಿದ ತಮ್ಮ ಯಂತ್ರ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಾನು ತಮ್ಮಿಂದ ತರಿಸಿದ್ದು ವಚನಗಾಯನದ ರೆಕಾರ್ಡು. ಅದು ನನ್ನ ತಾಯಿ ನೀಲಾಂಬಿಕೆಯವರಿಗಾಗಿ. ನಮ್ಮ ತಂದೆ ಕರಿಬಸವಯ್ಯನವರು ನಲವತ್ತು ವರ್ಷ ಕೊಪ್ಪ, ಶೃಂಗೇರಿಯ ಕಡೆಯ ಮದುವೆಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮೈಕಿನ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲವೆಂಬುದು ಮೂರು ತಾಲೂಕಿನ ನಂಬಿಕೆ. ಅಪ್ಪ ವೈರು ಎಳೆದು ಮರಕ್ಕೆ ಹಾರ್ನ್ ಕಟ್ಟಿ ಬರುತ್ತಿದ್ದರು, ಅಷ್ಟೇ. ಕೆಟ್ಟ ಆಂಪ್ಲಿಫೈಯರ್ ಬಿಚ್ಚಿ, ಬೆಸುಗೆ ಹಾಕಿ, ಮರುದಿನದ ಮದುವೆಗೆ ಮಾತು ಬರಿಸಿ ಕಳಿಸುತ್ತಿದ್ದವರು ಅಮ್ಮ. ಇದು ನಮ್ಮ ಮನೆಯ ಗೋಡೆಯಾಚೆ ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೈಕಿನ ಕೋಣೆಗೆ ಕಾಲಿಡಲಿಲ್ಲ. "ಹೂಂ", "ಬ್ಯಾಡ" ಎಂಬ ಎರಡು ಮಾತಿನಲ್ಲೇ ಹನ್ನೊಂದು ತಿಂಗಳು ಕಳೆದರು. ಸೆಟ್ಟನ್ನು ಕೊಪ್ಪದ ಗುಜರಿ ವ್ಯಾಪಾರಿ ಕೃಷ್ಣಪ್ಪನವರಿಗೆ ಸೋಮವಾರ ಕೊಡುವುದೆಂದು ನಾನು ಮಾತಾಡಿಬಿಟ್ಟಿದ್ದೆ. ಅಷ್ಟರೊಳಗೆ ಒಂದು ವಚನವನ್ನಾದರೂ ಅದರಲ್ಲಿ ಕೇಳಿಸಿದರೆ ಅವರು ಬಾಯಿ ಬಿಟ್ಟಾರೆಂಬುದು ನನ್ನ ಆಸೆ.

ಗುರುವಾರ ಬೆಳಿಗ್ಗೆ ತಮ್ಮ ಪೊಟ್ಟಣ ಬಿಚ್ಚಿದರೆ, ಕವರಿನ ಮೇಲೆ ಶರಣರ ಜಾಗದಲ್ಲಿ ನನ್ನ ಹೆಂಡತಿ ಶಿಲ್ಪಶ್ರೀಗಿಂತ ಉದ್ದ ಕೂದಲಿನ ನಾಲ್ವರು ಪರದೇಶಿ ಮಹನೀಯರು ಒಂದು ಗ್ಯಾರೇಜಿನ ಮುಂದೆ ನಿಂತು, ಅವರ ಆಧಾರ್ ಕಾರ್ಡನ್ನು ಕಪ್ಪಗೆ ಜೆರಾಕ್ಸ್ ಮಾಡಿಕೊಟ್ಟವನು ನಾನೇ ಎಂಬಂತೆ ದುರುಗುಟ್ಟುತ್ತಿದ್ದರು. ದೂರಿನಲ್ಲಿ ವಿವರ ಬರೆಯಲು ಬೇಕಲ್ಲ ಎಂದು ಮೈಕಿನ ಕೋಣೆಯ ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದೆ.

ಮೊದಲು ಗಿಟಾರೊಂದು, ಆಗುಂಬೆ ಘಾಟಿಯನ್ನು ಮೊದಲ ಗೇರಿನಲ್ಲಿ ಹತ್ತುವ ಲೋಡ್ ಲಾರಿಯಂತೆ ನಾಲ್ಕು ಸ್ವರ ಗುರುಗುಟ್ಟಿತು. ಮತ್ತೆ ಅದೇ ನಾಲ್ಕು. ಮತ್ತೂ ಅದೇ ನಾಲ್ಕು. ಅಟ್ಟದ ಮೇಲಿಂದ ಹಂಡೆಗಳು ಉರುಳಿದಂತೆ ಡ್ರಮ್ಮು ಸೇರಿಕೊಂಡಿತು. ಹೊರಟ ಬಸ್ಸಿನ ಹಿಂದೆ ಓಡಿ ಬಂದವರಂತೆ ಗಾಯಕರು ಕೊನೆಗೆ ಕೂಗುತ್ತಾ ಹತ್ತಿಕೊಂಡರು. ಆಮೇಲೆ ಎಲ್ಲವೂ ನಿಂತಿತು. ದೇವರು ದೊಡ್ಡವನು ಅಂದುಕೊಳ್ಳುವಷ್ಟರಲ್ಲಿ ಅವೇ ನಾಲ್ಕು ಸ್ವರ ಇನ್ನೂ ನಿಧಾನವಾಗಿ, ಇನ್ನೂ ಭಾರವಾಗಿ ಮರಳಿ ಬಂದವು. ಶಿಲ್ಪಶ್ರೀ ಸೌಟು ಹಿಡಿದೇ ಬಂದು, "ಕುಕ್ಕರ್ ಕೂಗಿದ್ದೇ ಗೊತ್ತಾಗ್ಲಿಲ್ಲ ರೀ, ಅನ್ನ ಸೀದು ಹೋಯ್ತು!" ಎಂದಳು.

ಅವಳ ಹಿಂದೆ ಅಮ್ಮ ನಿಂತಿದ್ದರು.

"ಯಾವ ಕತ್ತೆ ಮುಟ್ಟಿದ್ದೋ ಸ್ಪೀಕರ್‌ನ? ಕೋನ್ ಹರ್ದು ಹೋಗಿದೆ!" ಎಂದವರೇ ನನ್ನನ್ನು ಪಕ್ಕಕ್ಕೆ ತಳ್ಳಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.

ಮಾನ್ಯರೇ, ಮೂರು ದಿನ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ತಾವೇ ಹೊಣೆ. ಸ್ಪೀಕರಿನೊಳಗಿನ ಕಾಗದದ ಕೋನ್ ನೆಟ್ಟಗೇ ಇತ್ತು. ಅಮ್ಮ ಕಂಡೆನ್ಸರ್ ಬದಲಿಸಿದರು, ವೈರು ಬದಲಿಸಿದರು, ಮುಳ್ಳು ಬದಲಿಸಿದರು. ಹಳೆಯ ಭಜನೆಯ ರೆಕಾರ್ಡು ಹಾಕಿದರೆ ಗಾಜಿನಂಥ ಸ್ವರ. ತಮ್ಮದನ್ನು ಹಾಕಿದರೆ ಮತ್ತೆ ಹರಕು ಸದ್ದು. ಊಟಕ್ಕೆ ಕರೆದರೆ, "ನೀವು ಉಣ್ಣಿ, ಇದೆಂತದೋ ನಂಗೆ ಸವಾಲು ಹಾಕ್ತಿದೆ" ಎಂದರು. ಊಟದ ಕರೆಗೆ ಹನ್ನೊಂದು ತಿಂಗಳು "ಬ್ಯಾಡ" ಎಂದಷ್ಟೇ ಕೇಳಿದ್ದ ನಮಗೆ ಅದೇ ಒಂದು ಭಾಷಣ.

ಭಾನುವಾರ ಮಧ್ಯಾಹ್ನ ಸ್ಪೀಕರಿನ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ರೆಕಾರ್ಡಿನ ಎರಡೂ ಬದಿ ಕೇಳಿ ಮುಗಿಸಿದರು. "ಇದು ಕೆಟ್ಟಿದ್ದಲ್ಲ ಕಣೋ. ಬೇಕಂತ್ಲೇ ಕೆಡ್ಸಿದಾರೆ," ಎಂದರು. ಮುಳ್ಳನ್ನು ಮತ್ತೆ ಮೊದಲಿಗಿಟ್ಟು, "ಎಷ್ಟು ಚೆಂದ ಕೆಡ್ಸಿದಾರೆ ನೋಡು! ನಲ್ವತ್ತು ವರ್ಷ ಈ ಸದ್ದು ಬರ್ಬಾರ್ದು ಅಂತ ನಾನು ಬೆಸುಗೆ ಹಾಕ್ದೆ. ಇವ್ರು ಇದ್ನೇ ಹುಡುಕ್ಕೊಂಡು ಕೂತಿದಾರೆ. ನಿಮ್ಮಪ್ಪ ಕೇಳಿದ್ರೆ ನನ್ಹತ್ರ ಜಗಳಕ್ಕೇ ಬರ್ತಿದ್ರು," ಎಂದು ನಗತೊಡಗಿದರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪನಿಗಾಗಿ ಅವರು ಅತ್ತದ್ದನ್ನು ನಾನು ಅಂದೇ ನೋಡಿದ್ದು.

ಸೋಮವಾರ ಕೃಷ್ಣಪ್ಪನವರು ಗೂಡ್ಸ್ ಆಟೋ ತಂದರು. ಅಮ್ಮ ರೆಕಾರ್ಡಿನ ಎರಡನೆಯ ಬದಿ ಕೇಳುತ್ತಿದ್ದರು. ಕೃಷ್ಣಪ್ಪನವರು ಕಿವಿ ಮುಚ್ಚಿಕೊಂಡು, "ಅಮ್ಮಾ, ಇದು ರಿಪೇರಿಗೆ ಬರಲ್ಲ, ಬಿಟ್ಬಿಡಿ," ಎಂದರು. "ಮೊದ್ಲು ನಿನ್ ಆಟೋದ ಸೈಲೆನ್ಸರ್ ನೋಡ್ಕೋ ಮಾರಾಯ," ಎಂದು ಅಮ್ಮ ಅವರನ್ನು ಖಾಲಿ ಗಾಡಿಯಲ್ಲೇ ಕಳಿಸಿದರು.

ನಾನು ದೂರು ಬರೆಯುವುದನ್ನು ನಿಲ್ಲಿಸಿದೆ. ಸರಿಯಾಗಿ ನಲವತ್ತು ದಿನದ ಮೇಲೆ ತಮ್ಮ ಕಚೇರಿಗೆ ಎಚ್ಚರವಾಗಿ, ನನ್ನ ದೂರು ನ್ಯಾಯಯುತವೆಂದೂ, ತಪ್ಪು ರೆಕಾರ್ಡನ್ನು ಒಯ್ಯಲು ಜನ ಬರುತ್ತಾರೆಂದೂ ತಿಳಿಸಿದಿರಿ. ಈ ಕ್ರೌರ್ಯಕ್ಕೆ ನಾನು ಮಾಡಿದ ಪಾಪವಾದರೂ ಏನು? ಕೊರಿಯರಿನ ಚೈತ್ರ ಬಂದಾಗ ಅಮ್ಮ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಕೆಯನ್ನು ಸ್ಪೀಕರಿನ ಮುಂದೆ ಕೂರಿಸಿದರು. ಹೆಲ್ಮೆಟ್ ತೆಗೆಯದೆ ಒಂದು ಬದಿ ಪೂರ್ತಿ ತಲೆ ಕುಣಿಸಿ, ಆಕೆ ಮೊಬೈಲಿನಲ್ಲಿ "ಮನೆಗೆ ಬೀಗ ಹಾಕಿತ್ತು" ಎಂದು ನಮೂದಿಸಿ ಹೋದದ್ದು ಅಕ್ಷರಶಃ ಸತ್ಯ; ದಯಮಾಡಿ ಆ ಪ್ರಾಮಾಣಿಕ ಹುಡುಗಿಗೆ ನೋಟಿಸು ಕೊಡಬೇಡಿ.

ಆದ್ದರಿಂದ ತಾವು ನನ್ನ ದೂರನ್ನು ಅನ್ಯಾಯದ್ದೆಂದು ತೀರ್ಮಾನಿಸಿ, ನನಗೆ ಛೀಮಾರಿ ಹಾಕಿ, ಕಣ್ಣು ಮುಚ್ಚಿ ಪೊಟ್ಟಣ ಕಟ್ಟಿದ ಆ ಗೋದಾಮಿನ ಮಹಾನುಭಾವರಿಗೆ ಬಡ್ತಿ ಕೊಡಬೇಕಾಗಿ ವಿನಂತಿ. ಅವರಿಗೆ ಯಾವ ಕಾರಣಕ್ಕೂ ಕನ್ನಡಕ ಕೊಡಿಸಬಾರದು.

ಮೊನ್ನೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಒಂದು ಮದುವೆಗೆ ನಮ್ಮ ಸೆಟ್ಟು ಹೋಯಿತು. ವೈರು ಎಳೆದವನು ನಾನು. ಮದುಮಗಳ ತಂದೆ ಚಪ್ಪರಕ್ಕೆ ಬಂದು ನನ್ನನ್ನು, "ಮೈಕಿನೋರು ಎಲ್ಲಿ ಮಾರಾಯ್ರೇ?" ಎಂದು ಕೇಳಿದರು. ಆಂಪ್ಲಿಫೈಯರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಮೈಕನ್ನು ಬಾಯಿಯ ಹತ್ತಿರ ತಂದು, ಚಪ್ಪರದ ಮುನ್ನೂರು ಜನಕ್ಕೂ ಕೇಳುವಂತೆ ಹೇಳಿದರು: "ನಾನೇ. ನಲ್ವತ್ತು ವರ್ಷದಿಂದ ನಾನೇ."

ದೂರು ಹಿಂತೆಗೆದುಕೊಳ್ಳುವ ಗುಂಡಿ ತಮ್ಮ ಜಾಲತಾಣದಲ್ಲಿ ಎಲ್ಲಿಯೂ ಸಿಗದೆ ಕಂಗೆಟ್ಟಿರುವ,

ತಮ್ಮ ವಿಶ್ವಾಸಿ,
ರಾಜಶೇಖರ್

ತಾ.ಕ.: "ಇದನ್ನು ಕೊಂಡವರು ಇದನ್ನೂ ಕೊಂಡಿದ್ದಾರೆ" ಎಂದು ತಮ್ಮ ಯಂತ್ರವು ನಿನ್ನೆ ನನಗೆ ಕಿವಿಗೆ ಇಡುವ ಹತ್ತಿಯನ್ನು ತೋರಿಸಿತು. ತಮ್ಮ ಸಂಸ್ಥೆಯಲ್ಲಿ ಗ್ರಾಹಕರ ಕಷ್ಟವನ್ನು ಸರಿಯಾಗಿ ಕೇಳಿಸಿಕೊಂಡಿರುವುದು ಅದೊಂದೇ. ಅಕ್ಕಪಕ್ಕದ ಮನೆಯವರಿಗಾಗಿ ಆರು ಪೊಟ್ಟಣ ಕಳಿಸಿ. ಈ ಸಲ ತಪ್ಪದೆ ಹತ್ತಿಯನ್ನೇ.