ಗೊಣಗಿಗೂ ಒಂದು ಚೀಟಿ

ನನ್ನ ಭಾವಮೈದುನನಿಗೆ ತಲೆ ಕೆಟ್ಟಿದೆ ಎಂದು ಜಯನಗರದ ಅರ್ಧ ಜನಕ್ಕೆ ನಾನೇ ಹೇಳಿದ್ದೇನೆ. ಉಳಿದರ್ಧಕ್ಕೆ ಅವನೇ ತೋರಿಸಿಕೊಟ್ಟಿದ್ದಾನೆ!

ಪುಸ್ತಕಗಳ ಪುಟ ಕಟ್ಟುವುದು ಅವನ ಕಸುಬು. ಕಂಪ್ಯೂಟರಿನಲ್ಲಿ ಬರಹದ ಒಂದೊಂದು ತುಂಡಿಗೂ ಅದು ಏನೆಂದು ಚೀಟಿ ಹಚ್ಚುತ್ತಾನೆ. ತುಂಡಿನ ಮೊದಲಿಗೆ ಚೂಪು ಕಂಸದೊಳಗೆ ಒಂದು ಹೆಸರು, ಕೊನೆಗೆ ಓರೆಗೆರೆಯೊಡನೆ ಮತ್ತದೇ ಹೆಸರು. ಇದಕ್ಕೆ ಮಾರ್ಕಪ್ ಎನ್ನುತ್ತಾರಂತೆ. ಚೀಟಿಗಳು ಸರಿಯಿದ್ದರೆ ಅದೇ ಬರಹ ಒಮ್ಮೆ ಒತ್ತಿದರೆ ಪುಸ್ತಕ, ಇನ್ನೊಮ್ಮೆ ಒತ್ತಿದರೆ ಮೊಬೈಲಿನ ಪುಟ. ತೆರೆದ ಚೀಟಿಯನ್ನು ಮುಚ್ಚಲು ಮರೆತರೆ ಮಾತ್ರ ಯಾವುದೂ ಆಗದು.

ಕಸುಬು ಮೇಜಿನ ಮೇಲೇ ಉಳಿದಿದ್ದರೆ ಯಾರಿಗೇನು ತೊಂದರೆ? ಇವನು ಕಂಡಲ್ಲೆಲ್ಲ ತೆರೆದದ್ದನ್ನು ಮುಚ್ಚುತ್ತಾನೆ. ನಮ್ಮ ಮನೆಗೆ ಬಂದರೆ ಗೇಟು, ನಲ್ಲಿ, ಉಪ್ಪಿನಕಾಯಿ ಭರಣಿ. ಒಮ್ಮೆ ಸಾರಕ್ಕಿ ಮಾರುಕಟ್ಟೆಯ ಮುಂದೆ ಯಾರದೋ ಸ್ಕೂಟರಿನ ಸೀಟು ಎತ್ತಿದಂತೇ ಇತ್ತು. ಟಪ್ಪೆಂದು ಒತ್ತಿ ಮುಚ್ಚಿದ. ಸೊಪ್ಪಿನ ಕಟ್ಟು ಹಿಡಿದ ಯಜಮಾನ ಓಡಿಬಂದ.

“ಅಂಕಲ್, ಏನ್ ಮಾಡ್ಬಿಟ್ರಿ! ಕೀ ಒಳಗಿತ್ತು!”

“ತೆರೆದಿತ್ತು, ಮುಚ್ಚಿದೆ” ಎಂದ ಇವನು, ಉಪಕಾರ ಮಾಡಿದವನ ಮುಖ ಮಾಡಿಕೊಂಡು. ನಾನು ಇವನ ಪರಿಚಯವೇ ಇಲ್ಲದವನಂತೆ ಬದನೆಕಾಯಿ ಆರಿಸುತ್ತ ನಿಂತೆ.

ಹೆಂಡತಿ ತೀರಿಕೊಂಡ ಮೇಲೆ, ಅವಳ ಅಡುಗೆ ನೋಟ್‌ಬುಕ್ಕನ್ನು ಪುಸ್ತಕ ಮಾಡಿಸಿ ವರ್ಷದ ತಿಥಿಯ ದಿನ ಹೆಣ್ಣುಮಕ್ಕಳಿಬ್ಬರಿಗೂ ಕೊಡಬೇಕೆಂದುಕೊಂಡೆ. ಅದಕ್ಕೆ ಅವಳ ತಮ್ಮನೇ ಬೇಕಲ್ಲ! ಎರಡು ತಿಂಗಳು ಕೂತು ಟೈಪ್ ಮಾಡಿ, “ತಪ್ಪಿದ್ರೆ ನೋಡಿ, ಭಾವ” ಎಂದು ಕಳಿಸಿದ.

ತೆರೆದೆ. ಪುಟದ ತುಂಬ ಮುಳ್ಳು! ಒಂದು ಪಾವು ಅಕ್ಕಿಯ ಹಿಂದೆ ಮುಂದೆ ‘ಅಳತೆ’, ಇಂಗಿನ ಹಿಂದೆ ಮುಂದೆ ‘ಪದಾರ್ಥ’. ನಾನು ಐದಕ್ಕೆ ಏಳುವವನು, ಹಾಸಿಗೆಯಲ್ಲಿ ಸುಕ್ಕು ಸಹಿಸದವನು. ನಾಲ್ಕು ದಿನ, ಬೆಳಗ್ಗೆ ಆರರಿಂದ ಏಳೂವರೆಯವರೆಗೆ, ಚೀಟಿಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ‘ಗೊಣಗು’, ‘ಖುಷಿ’ ಎಂಬ ಚೀಟಿಗಳ ನಡುವಿನ ಸಾಲುಗಳಲ್ಲಿ ಅಳತೆಯೂ ಇರಲಿಲ್ಲ, ಪದಾರ್ಥವೂ ಇರಲಿಲ್ಲ. ಓದುವ ಗೋಜಿಗೆ ಹೋಗದೆ ಸಾಲುಗಳನ್ನೇ ಕಿತ್ತೆಸೆದೆ. “ಸ್ವಚ್ಛ ಮಾಡಿದ್ದೇನೆ. ಮುಂದೆ ಇಷ್ಟು ಗಲೀಜು ಬೇಡ” ಎಂದು ಬರೆದು ಹಿಂದಕ್ಕೆ ಕಳಿಸಿದೆ.

ಮರುದಿನ ಚಿಕ್ಕಲಸಂದ್ರದ ತನ್ನ ಮನೆಗೆ ಕರೆಸಿಕೊಂಡ.

“ಚೀಟಿ ಹೋದ್ರೆ ಹೋಗ್ಲಿ ಭಾವ, ನನ್ನ ಹತ್ರ ಮೂಲ ಇದೆ. ಗೊಣಗು ಯಾಕೆ ತೆಗೆದ್ರಿ?”

“ಅಡುಗೆಗೂ ಅದಕ್ಕೂ ಏನಯ್ಯಾ ಸಂಬಂಧ?”

“ಅಕ್ಕ ಅಂಚಿನಲ್ಲಿ ಬರೆದಿದ್ದು. ನಿಮ್ಮ ಬಗ್ಗೆ. ಓದೇ ಇಲ್ವಾ?”

ಅವನು ಏನೋ ಒತ್ತಿದ. ಆ ಚೀಟಿಯ ಸಾಲುಗಳೆಲ್ಲ ಪುಸ್ತಕದ ಮೂಲೆಮೂಲೆಯಿಂದ ಎದ್ದು ಬಂದು ಒಂದೇ ಪುಟದಲ್ಲಿ ನಿಂತವು.

‘ಸಾರು: ಎಂಟಕ್ಕೆ ಬಡಿಸಬೇಕು. ಎರಡು ನಿಮಿಷ ತಡವಾದರೆ ಗಡಿಯಾರ ನೋಡುತ್ತಾರೆ, ತಟ್ಟೆ ನೋಡುವುದಿಲ್ಲ.’

‘ಹುಳಿ: ಬದನೆಕಾಯಿ ಇವರಿಗೆ ಇಷ್ಟವೋ ಇಲ್ಲವೋ, ಇಷ್ಟು ವರ್ಷವಾದರೂ ತಿಳಿಯಲಿಲ್ಲ. ಬಾಯಿ ಬಿಟ್ಟರೆ ತಾನೆ!’

ಹೀಗೇ ಪುಟದ ಕೊನೆಯವರೆಗೆ. ಎದುರಿಗೆ ನಿಂತು ಬೈದರೆ ತಿರುಗಿ ಬೈಯಬಹುದು. ಸಾಸಿವೆ ಡಬ್ಬಿಯ ಪಕ್ಕ ಕೂತು ಬರೆದದ್ದಕ್ಕೆ ಏನು ಹೇಳುವುದು? ಆ ನೋಟ್‌ಬುಕ್ಕು ನನ್ನ ತಲೆಯ ಎತ್ತರದ ಶೆಲ್ಫಿನಲ್ಲೇ ಇತ್ತು. ನಾನು ಅದನ್ನು ನೇರವಾಗಿ ಜೋಡಿಸಿಡುತ್ತಿದ್ದೆ, ಅಷ್ಟೆ.

“ಇನ್ನೊಂದಿದೆ” ಎಂದ. “ಇದನ್ನ ಗೊಣಗಲ್ಲಿ ಸೇರ್ಸೋಕೆ ಮನಸ್ಸಾಗ್ಲಿಲ್ಲ. ಬೇರೆ ಚೀಟಿ ಮಾಡ್ದೆ.”

‘ಮೆಂತ್ಯದ ದೋಸೆ: ಇವತ್ತು ಚೆನ್ನಾಗಿದೆ ಅಂದರು! ತಾರೀಖು ಬರೆದಿಡಬೇಕು.’

“ಖುಷಿ ಅನ್ನೋ ಚೀಟಿ ಪುಸ್ತಕದಲ್ಲಿ ಎಷ್ಟಿದೆ?”

ಪುಣ್ಯಾತ್ಮ, ಪರದೆಯನ್ನು ಆಚೆ ತಿರುಗಿಸಿಕೊಂಡ. “ಒಂದೇ, ಭಾವ.”

“ಒಂದು ಸಾಲೂ ಬಿಡದೆ ಅಚ್ಚು ಹಾಕಿಸು.”

“ಮಕ್ಕಳು ಓದ್ತಾರೆ.”

“ಓದಲಿ.”

ಅವನು “ಐದೇ ನಿಮಿಷ” ಎಂದು ಒಳಗೆ ಹೋಗಿ ಉಪ್ಪಿಟ್ಟು ತಂದ. ಹೇಳಿದ್ದಕ್ಕಿಂತ ಅರ್ಧ ಗಂಟೆ ತಡ. ಗೋಡೆ ಗಡಿಯಾರದತ್ತ ಹೊರಟಿದ್ದ ಕಣ್ಣನ್ನು ಹಿಡಿದು ತಟ್ಟೆಗೆ ತಂದೆ. ಒಂದು ತುತ್ತು ತಿಂದೆ. ಉಪ್ಪೇ ಹಾಕಿರಲಿಲ್ಲ.

“ಚೆನ್ನಾಗಿದೆ ಕಣಯ್ಯಾ” ಎಂದೆ.

ಮುಚ್ಚುತ್ತಿದ್ದ ಸಕ್ಕರೆ ಡಬ್ಬಿಯನ್ನು ಅವನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡಿದ.

“ತಾರೀಖು ಬರ್ಕೊಳ್ಳಲಾ, ಭಾವ?”