ಮಾವಯ್ಯನ ಮೈಲಿಗಲ್ಲು

ನನ್ನನ್ನು ಈ ಮನೆಗೆ ಸೊಸೆಯಾಗಿ ತಂದದ್ದು ರೂಪ ನೋಡಿಯಲ್ಲ, ಗುಣ ನೋಡಿಯೂ ಅಲ್ಲ. ಕೈಬರಹ ನೋಡಿ! ನಗಬೇಡಿ, ಪೂರ್ತಿ ಕೇಳಿ. ಅರಳಸುರಳಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಾರೆಂದು ಅಮ್ಮ ನನಗೆ ಎರಡು ದೇವರನಾಮ ಬಾಯಿಪಾಠ ಮಾಡಿಸಿದ್ದಳು. ಗಂಡಿನ ಅಪ್ಪ ಕೋಟಿನ ಜೇಬಿನಿಂದ ಒಂದು ಹಾಳೆಯನ್ನೂ ಪೆನ್ನನ್ನೂ ತೆಗೆದು ನನ್ನ ಮುಂದಿಟ್ಟು, "ಬರಿ ಮಗಾ. ಮಾನ್ಯ ಪಂಚಾಯ್ತಿ ಚೇರ್ಮನ್ನರ ಸನ್ನಿಧಾನಕ್ಕೆ" ಎಂದರು. ಬರೆದೆ. "ಈ ಊರಿನ ವಾಸಿಯಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದರು. ಅದನ್ನೂ ಬರೆದೆ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮಗನ ಕಡೆ ತಿರುಗಿ, "ಆಯ್ತು ಕಣಾ, ಇದೇ ಹುಡುಗಿ" ಎಂದುಬಿಟ್ಟರು. ಗಂಡಿನ ಒಪ್ಪಿಗೆಯನ್ನೇ ಯಾರೂ ಕೇಳಲಿಲ್ಲ, ಇನ್ನು ನನ್ನದನ್ನು ಕೇಳುವವರು ಯಾರು!

ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಪೇಟೆ ನಮ್ಮದು. ಹೆಸರು ಹೇಳುವುದಿಲ್ಲ. ಹೇಳಿದರೆ ಆಗಿನ ಚೇರ್ಮನ್ನರ ಮೊಮ್ಮಕ್ಕಳು ಈಗ ಜಗಳಕ್ಕೆ ಬಂದಾರು. ಮದುವೆಯಾಗಿ ಬಂದ ಮೂರನೇ ದಿನವೇ ನನ್ನ ಅರ್ಜಿ ಬರೆಯುವ ಉದ್ಯೋಗ ಶುರುವಾಯಿತು. ಮಾವಯ್ಯ ಜಗಲಿಯ ಮೇಲೆ ಅತ್ತಿಂದಿತ್ತ ತಿರುಗುತ್ತ ಹೇಳುವುದು, ನಾನು ಬರೆಯುವುದು. ಬೀದಿದೀಪ ಹಗಲಲ್ಲಿ ಉರಿಯುತ್ತದೆ, ಅದಕ್ಕೊಂದು ಅರ್ಜಿ. ಚರಂಡಿಯ ಮೇಲಿನ ಚಪ್ಪಡಿ ಮೆಂಬರರ ಮನೆಯ ಬಟ್ಟೆ ಒಗೆಯುವ ಕಲ್ಲಾಗಿದೆ, ಅದಕ್ಕೊಂದು. ಒಲೆಯ ಮೇಲೆ ಸಾರು ಸೀದು ಅತ್ತೆ ಒಳಗಿಂದ ಕೂಗಿದರೆ, "ಸಾರು ನಾಳೆನೂ ಮಾಡಬಹುದು ಮಾರಾಯ್ತಿ, ಪಂಚಾಯ್ತಿ ಮೀಟಿಂಗು ಇವತ್ತೇ ಇರೋದು!" ಎಂದು ಇವರು ಹೊರಗಿಂದ ಕೂಗುತ್ತಿದ್ದರು.

ಇಂಥವರ ಜೊತೆ ಬಾಳುವುದು ಹೇಗಪ್ಪ ಎಂದು ನಾನು ಮೊದಲ ವರ್ಷ ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಸಿಟ್ಟು ಮಾವಯ್ಯನನ್ನು ಬಿಟ್ಟು ಪಂಚಾಯ್ತಿಯ ಕಡೆ ತಿರುಗಿದ್ದು ಕಾರಂಜಿಯ ದೆಸೆಯಿಂದ. ಹೌದು, ಕಾರಂಜಿ! ವರ್ಷದಲ್ಲಿ ಐದು ತಿಂಗಳು ಆಕಾಶವೇ ತೂತಾದಂತೆ ಸುರಿಯುವ ಊರಿನ ಸರ್ಕಲ್ಲಿಗೆ ಕಾರಂಜಿ ಬೇಕೆಂದು ಯಾರಿಗಾದರೂ ತೋಚುತ್ತದೆಯೇ? ನಮ್ಮ ಚೇರ್ಮನ್ನರಿಗೆ ತೋಚಿತು. ಅವರು ಒಮ್ಮೆ ಮೈಸೂರಿಗೆ ಹೋಗಿ ಬಂದಿದ್ದರು. ಕಾರಂಜಿ ಕಟ್ಟಿಸಿದ್ದಾದರೂ ಎಂಥಾ ಕಾಲದಲ್ಲಿ? ಏಪ್ರಿಲ್ ತಿಂಗಳಲ್ಲಿ, ನಲ್ಲಿಗೆ ಕಿವಿಯಿಟ್ಟರೆ ಬರೀ ಗಾಳಿಯ ಸದ್ದು ಕೇಳುವಾಗ, ನಾವು ಹೆಂಗಸರು ಕೊಡ ಹೊತ್ತು ಕೆಳಗಿನ ಕೇರಿಯ ಬಾವಿಗೆ ಅಲೆಯುವಾಗ!

ಉದ್ಘಾಟನೆಯ ದಿನ ಟ್ಯಾಂಕರಿನಲ್ಲಿ ನೀರು ತಂದು ತೊಟ್ಟಿಗೆ ತುಂಬಿಸಿದರು. ನಮ್ಮ ನಲ್ಲಿಗೆ ಬಾರದ ನೀರು ಚೇರ್ಮನ್ನರ ಕಾರಂಜಿಗೆ ಹೇಗೆ ಬಂತು ಎಂದು ನನಗೆ ಮೈಯೆಲ್ಲ ಉರಿಯಿತು. ಮಾವಯ್ಯ ಅರ್ಜಿ ಹೇಳಲು ಬಾಯಿ ತೆಗೆದರೆ ನಾನು ಪೆನ್ನು ಮುಟ್ಟಲಿಲ್ಲ. "ಇವತ್ತು ಅರ್ಜಿ ಬೇಡ ಮಾವಯ್ಯ" ಎಂದು ಸೊಂಟಕ್ಕೆ ಕೊಡ ಏರಿಸಿದೆ. ಕಾರಂಜಿ ಚಿಮ್ಮಿತು, ಜನ ಚಪ್ಪಾಳೆ ತಟ್ಟಿದರು, ನಾನು ಹೋಗಿ ತೊಟ್ಟಿಯಲ್ಲಿ ಕೊಡ ಮುಳುಗಿಸಿದೆ. ಹಿಂದೆ ತಿರುಗಿ ನೋಡಿದರೆ ನಮ್ಮ ಕೇರಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದಾರೆ! ಭಾಷಣ ಮುಗಿಯುವುದರೊಳಗೆ ತೊಟ್ಟಿಯ ತಳ ಕಂಡಿತು.

"ಏನ್ರೀ ಇದು, ನಿಮ್ಮ ಮನೆ ಸೊಸೆ ಮಾಡೋ ಕೆಲ್ಸನಾ?" ಎಂದು ಚೇರ್ಮನ್ನರು ಮೈಕಿನಲ್ಲೇ ಮಾವಯ್ಯನನ್ನು ಕೇಳಿದರು.

"ಇಷ್ಟು ದಿನ ಕಾಗದದಲ್ಲಿ ಬರೀತಿದ್ಲು, ನಿಮಗೆ ಓದಕ್ಕೆ ಪುರ್ಸೊತ್ತಾಗ್ಲಿಲ್ಲ" ಎಂದರು ಮಾವಯ್ಯ.

ಅಂದಿನಿಂದ ನಾವಿಬ್ಬರೂ ಒಂದೇ ಪಕ್ಷ. ಅದಾದ ಎರಡು ವರ್ಷಕ್ಕೆ ಕಮಾನಿನ ಗಲಾಟೆ ಎದ್ದಿತು. ಯಾರೋ ಮಂತ್ರಿಗಳು ಸಾಗರದಿಂದ ಹೊಸನಗರಕ್ಕೆ ಹೋಗುತ್ತ ನಮ್ಮ ಪೇಟೆಯನ್ನು ಹಾದು ಹೋಗುತ್ತಾರಂತೆ. ನಿಲ್ಲುವುದಿಲ್ಲ, ಹಾದು ಹೋಗುತ್ತಾರೆ, ಅಷ್ಟೇ! ಅದಕ್ಕೆ ಊರ ಬಾಗಿಲಿಗೆ ಸಿಮೆಂಟಿನ ಸ್ವಾಗತ ಕಮಾನು. ಕಮಾನಿನ ಎಡಗಾಲು ಊರಬೇಕಾದ ಜಾಗದಲ್ಲಿ ಒಂದು ಹಳೆಯ ಮೈಲಿಗಲ್ಲು. ಅದನ್ನು ಕಿತ್ತು ಬಿಸಾಡಬೇಕೆಂದು ಪಂಚಾಯ್ತಿಯಲ್ಲಿ ಠರಾವಾಯಿತು.

ಸುದ್ದಿ ಕೇಳಿ ಮಾವಯ್ಯ ಜಗಲಿಯಲ್ಲಿ ಕುಸಿದು ಕೂತರು. ಯಾವತ್ತೂ ಕೂತು ಅರ್ಜಿ ಹೇಳಿದವರಲ್ಲ. ಆ ಕಲ್ಲಿನ ಮೇಲೆ 'ಮತ್ತಿಕೊಡ್ಲು ೯ ಮೈಲಿ' ಎಂದು ಕೆತ್ತಿದೆ. ಮತ್ತಿಕೊಡ್ಲು ಅವರು ಹುಟ್ಟಿ ಬೆಳೆದ ಊರು. ಅಣೆಕಟ್ಟಿನ ನೀರು ಬಂದಾಗ ಮುಳುಗಿಹೋಯಿತು. ನಾಲ್ಕು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಇವರು ಈ ಪೇಟೆಗೆ ಬಂದರಂತೆ. ಆಮೇಲೆ ಅಂಚೆಯವರು ಆ ಹೆಸರು ಬಿಟ್ಟರು, ಮತದಾರರ ಪಟ್ಟಿಯಿಂದ ಅದು ಹೋಯಿತು, ಹೊಸ ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ ಬಳಿದಿದ್ದಾರೆ. ಊರಿನ ಹೆಸರು ಉಳಿದದ್ದು ಈ ಕಲ್ಲಿನ ಮೇಲೆ ಮಾತ್ರ.

"ಇಡೀ ಊರು ತಗಂಡ್ರು, ಸುಮ್ನಿದ್ದೆ. ಊರಿನ ಹೆಸರೂ ಬೇಕಂತನಾ ಇವ್ರಿಗೆ?" ಎಂದರು. ನಾನು ಅರ್ಜಿಯನ್ನು ನಾಲ್ಕು ಪ್ರತಿ ಬರೆದೆ, ಒಂದೊಂದನ್ನೂ ಮುತ್ತು ಪೋಣಿಸಿದಂತೆ.

ಉತ್ತರ ಬಂತು. ಎಂಥಾ ಉತ್ತರ ಗೊತ್ತೇ? 'ಸದರಿ ಗ್ರಾಮವು ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ ಸದರಿ ಕಲ್ಲು ಪ್ರಯಾಣಿಕರನ್ನು ದಾರಿ ತಪ್ಪಿಸುವ ಸಂಭವವಿದ್ದು, ತಮ್ಮ ಅರ್ಜಿಯನ್ನು ವಜಾ ಮಾಡಲಾಗಿದೆ.' ದಾರಿ ತಪ್ಪಿಸುವುದು ಕಲ್ಲಂತೆ! ಒಂಬತ್ತು ಮೈಲಿ ದೂರದ ಊರನ್ನು ನೀರಿಗೆ ಹಾಕಿದವರು ಯಾರ ದಾರಿಯನ್ನೂ ತಪ್ಪಿಸಲಿಲ್ಲವಂತೆ! ಆ ಕಾಗದವನ್ನು ನಾನು ಒಲೆಗೆ ಹಾಕಿದೆ. ಆಮೇಲೆ ಮಾವಯ್ಯನಿಂದ ಬೈಸಿಕೊಂಡೆ, ಮೇಲರ್ಜಿಗೆ ಅದು ಬೇಕಿತ್ತಂತೆ.

ಅಷ್ಟರಲ್ಲಿ ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿಯಲ್ಲಿ ನೋನಿ ಎಂದು ಊರ ಗಡಿಯ ಚೌಡಿಗೆ, ಭೂತಗಳಿಗೆ ಹಣ್ಣುಕಾಯಿ ಮಾಡುತ್ತಾರೆ. ಮಾವಯ್ಯನ ಊರಿನ ಚೌಡಿಯೂ ಊರಿನ ಜೊತೆಗೇ ನೀರಿನಡಿ ಸೇರಿದ್ದಳಲ್ಲ, ಇವರು ಪ್ರತಿ ವರ್ಷ ಆ ಮೈಲಿಗಲ್ಲಿನ ಬುಡದಲ್ಲಿ ನಿಂತು ಮತ್ತಿಕೊಡ್ಲಿನ ದಿಕ್ಕಿಗೆ ಕೈಮುಗಿದು ಕಾಯಿ ಒಡೆಯುತ್ತಿದ್ದರು. ಆ ವರ್ಷ ಸಿಟ್ಟಿಗೋ ಸಂಕಟಕ್ಕೋ ಕಲ್ಲಿಗೇ ಅರಿಶಿನ ಕುಂಕುಮ ಬಳಿದು, ಅಡಿಕೆ ಹಣ್ಣಿನ ಮಾಲೆ ಹಾಕಿ ಬಂದರು.

ಮಾರನೇ ದಿನ ಕಲ್ಲು ಕೀಳಲು ಬಂದವರು ಘಟ್ಟದ ಕೆಳಗಿನ ಆಳುಗಳು. ಕುಂಕುಮ ಕಂಡದ್ದೇ ಹಾರೆ ಪಿಕಾಸಿ ಕೆಳಗಿಟ್ಟು, "ಇಲ್ಲಿ ಅಮ್ಮ ಇದ್ದಾಳೆ, ನಾವು ಮುಟ್ಟುವುದಿಲ್ಲ" ಎಂದು ಹೊರಟೇಹೋದರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಲಾರಿಯವರು ನಿಲ್ಲಿಸಿ ನಿಂಬೆಹಣ್ಣು ಇಟ್ಟರು. ಎರಡನೇ ವಾರಕ್ಕೆ ಒಬ್ಬರ ಮಗನಿಗೆ ಜ್ವರ ಬಿಟ್ಟಿತು, ಇನ್ನೊಬ್ಬರ ಕಳೆದ ಎಮ್ಮೆ ತಾನಾಗಿ ಮನೆಗೆ ಬಂತು. ಅಮ್ಮನಿಗೆ ಹೆಸರು ಬೇಕಲ್ಲ? ಕಲ್ಲಿನ ಮೇಲೇ ಬರೆದಿದೆ, ಮತ್ತಿಕೊಡ್ಲಮ್ಮ! ಎಲೆಕ್ಷನ್ ಹತ್ತಿರ ಬಂದಿತ್ತು. ಎಲ್ಲರಿಗಿಂತ ಮುಂಚೆ ಅಡ್ಡಬಿದ್ದವರು ಚೇರ್ಮನ್ನರೇ. ಕಮಾನು ಹತ್ತು ಮಾರು ಆಚೆ ಸರಿಯಿತು, ಅದೇ ಸಿಮೆಂಟಿನಲ್ಲಿ ಅಮ್ಮನಿಗೊಂದು ಗುಡಿ ಎದ್ದಿತು. ಕಲ್ಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಗುಡಿಯ ಮೇಲೆ ಚೇರ್ಮನ್ನರ ಹೆಸರು.

ಇನ್ನಾದರೂ ಮಾವಯ್ಯನಿಗೆ ಖುಷಿಯಾಗಬೇಕಲ್ಲವೇ? ಎಲ್ಲಿ ಬಂತು! "ಬರಿ ಮಗಾ" ಎಂದು ಮತ್ತೆ ಎದ್ದರು. ಸದರಿ ಕಲ್ಲು ದೇವರಲ್ಲ, ಶುದ್ಧ ಮೈಲಿಗಲ್ಲು ಎಂದು ಅರ್ಜಿ! ಗುಡಿಯ ಮುಂದೆ ನಿಂತು ಬಂದವರಿಗೆಲ್ಲ ಅದನ್ನೇ ಹೇಳಿದರು. "ದೇವ್ರನ್ನ ಮೈಲಿಗಲ್ಲು ಅಂತೀರಾ? ನಾಲಿಗೆ ಬಿದ್ದುಹೋಗ್ತದೆ!" ಎಂದು ಒಬ್ಬ ಅಜ್ಜಿ ಜಾಡಿಸಿದಳು. ಎಣ್ಣೆ ಕುಂಕುಮ ಮೆತ್ತಿ ಅಕ್ಷರಗಳು ಮುಚ್ಚಿಹೋಗುತ್ತವೆಂದು ಇವರು ದಿನಾ ಬೆಳಿಗ್ಗೆ ತೆಂಗಿನ ನಾರು, ಸೀಗೆಪುಡಿ ಒಯ್ದು ಕಲ್ಲು ತಿಕ್ಕಿ ತೊಳೆಯತೊಡಗಿದರು. ಜನ ಅದನ್ನು ನೋಡಿ, ಎಂಥಾ ಭಕ್ತಿ ಎಂದು ಮೊದಲ ಪ್ರಸಾದ ಇವರಿಗೇ ಕೊಟ್ಟರು. ಮಾವಯ್ಯ ಪ್ರಸಾದ ತಿನ್ನುತ್ತಲೇ ಬೈಯುತ್ತಿದ್ದರು.

ಹೀಗಿರುವಾಗ ಒಂದು ಮಳೆಗಾಲ ಕಳೆದ ಮೇಲೆ ಅರ್ಜಿಗಳು ನಿಂತೇಹೋದವು. ಕಾರಂಜಿಯ ತೊಟ್ಟಿಯಲ್ಲಿ ಕಪ್ಪೆ ಮರಿ ಹಾಕಿದರೂ ಮಾತಿಲ್ಲ! ಸಂಜೆ ನಾಲ್ಕಾದರೆ ಕೋಟು ಹಾಕಿಕೊಂಡು ಹೊರಡುತ್ತಾರೆ, ಐದೂವರೆಗೆ ಮರಳುತ್ತಾರೆ. ಅಂಗಿ ಒಗೆಯುವಾಗ ಜೇಬಿನ ತುಂಬ ಬಸ್ಸಿನ ಟಿಕೀಟು. "ಎಂತಕ್ಕೆ, ಎಲ್ಲಿಗೆ ಹೋಗ್ತಾರೆ ಅಂತ ನೀನಾದ್ರೂ ಕೇಳೇ" ಎಂದು ಅತ್ತೆ ನನಗೆ ಗಂಟುಬಿದ್ದರು. ಕೇಳಿದರೆ, "ಸುಮ್ನೆ ತಿರುಗಾಟ" ಎಂಬ ಉತ್ತರ. ಬೀದಿದೀಪ ಹಗಲು ಉರಿದರೆ ದಂಡ ಎಂದು ಊರು ಒಂದು ಮಾಡುವವರಿಗೆ ಸುಮ್ಮನೆ ಬಸ್ಸು ಹತ್ತುವ ಚಟ ಹೇಗೆ ಹತ್ತಿತು?

ಅತ್ತೆಯ ಕನ್ನಡಕ ತರಲೆಂದು ನಾನೊಮ್ಮೆ ಸಾಗರಕ್ಕೆ ಹೋಗಿದ್ದೆ. ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದೇನೆ, ನಮ್ಮ ಪೇಟೆಗಿಂತ ಒಂದು ಊರು ಹಿಂದೆ ಮಾವಯ್ಯ ಹತ್ತಿದರು! ನನ್ನನ್ನು ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತರು.

"ಎಲ್ಲಿಗೆ ಯಜಮಾನ್ರೇ?" ಎಂದ ಕಂಡಕ್ಟರು.

"ಮತ್ತಿಕೊಡ್ಲಿಗೆ" ಎಂದರು ಮಾವಯ್ಯ.

ಗುಡಿಯ ಮುಂದೆ ಈಗ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರುಗಳಿಗೆ 'ಮತ್ತಿಕೊಡ್ಲಮ್ಮ' ಎಂದು ಪೂರ್ತಿ ಹೇಳುವ ವ್ಯವಧಾನ ಎಲ್ಲಿದೆ? ಕಮಾನು ಕಂಡದ್ದೇ ಅವನು ಸೀಟಿ ಊದಿ ದೊಡ್ಡ ದನಿಯಲ್ಲಿ ಕೂಗಿದ: "ಮತ್ತಿಕೊಡ್ಲು! ಯಾರ್ರೀ ಮತ್ತಿಕೊಡ್ಲು? ಮತ್ತಿಕೊಡ್ಲಿನೋರು ಇಳೀರಿ!"

ಮಾವಯ್ಯ ಒಡನೆ ಏಳಲಿಲ್ಲ. ಅವನು ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಿದ್ದರು. ಅವನು ಕೂಗಿದ. ಆಗ ಎದ್ದು, ಕೋಟು ಸರಿಮಾಡಿಕೊಂಡು, ಊರಿಗೆ ಬಂದವರ ಹಾಗೆ ನಿಧಾನವಾಗಿ ಬಾಗಿಲಿಗೆ ನಡೆದರು. ಇದನ್ನು ಕೇಳುವುದಕ್ಕಾಗಿಯೇ ಮಾವಯ್ಯ ಈ ವಯಸ್ಸಿನಲ್ಲಿ ದಿನಾ ಒಂದು ಬಸ್ಸಿನಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಿದ್ದರು!

ನಾನೂ ಚೀಲ ಎತ್ತಿಕೊಂಡು ಎದ್ದೆ.

"ಅಕ್ಕೋರೇ, ನಿಮ್ದು ಇಲ್ಲಲ್ಲ, ಮುಂದೆ ಬಸ್‌ಸ್ಟ್ಯಾಂಡು" ಎಂದ ಕಂಡಕ್ಟರು.

"ಅಲ್ಲ ಮಾರಾಯ, ನಾನು ಮತ್ತಿಕೊಡ್ಲಿನ ಸೊಸೆ" ಎಂದು ಹೇಳಿ ಮಾವಯ್ಯನ ಹಿಂದೆ ಇಳಿದೆ.