ಗೋಡೆ ಗುಲಾಬಿಯ ಗಂಡಾಂತರ

ಒಂದು ಗುಲಾಬಿ ಗಿಡಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಾರು ಜಾಗ ಬಿಟ್ಟದ್ದೇ ಅಂಕಯ್ಯನ ಪ್ರಾಣಕ್ಕೆ ಬಂತು.

ಹಾಗೆ ಬಿಡು ಎಂದವರು ಸಾವ್ಕಾರ ಚಿಕ್ಕಬಸಪ್ಪನವರೇ. ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರದಿಂದ ಬಂಗಲೆ ಕಟ್ಟಿದ ಅವರು ಮೈಸೂರಿಗೆ ಹೋಗಿ, ಅಲ್ಲಿನ ದೊಡ್ಡ ಮನೆಗಳ ಕಾಂಪೌಂಡಿಗೆ ಹಬ್ಬಿಸಿದ್ದ ಬಳ್ಳಿ ಗುಲಾಬಿ ನೋಡಿ ಬಂದು, ತಮ್ಮ ಗೋಡೆಗೂ ನೆಡಿಸಿದ್ದರು. ಅಲ್ಲಿಯವರೆಗೆ ಅವರ ಎತ್ತಿನ ಗಾಡಿ ಹೊಡೆಯುತ್ತಿದ್ದ ಅಂಕಯ್ಯ ಒಂದೇ ಮಾತಿಗೆ ಮಾಲಿಯಾದ. ಹಳೇ ಮಾಲಿ ಯಾಕೆ ಓಡಿಹೋದ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಈಗ ಗಿಡಗಳೇನೋ ಆಳುದ್ದ ಬೆಳೆದಿದ್ದವು, ತುಂಬ ಮೊಗ್ಗೂ ಬಿಟ್ಟಿದ್ದವು. ಆದರೆ ಒಂದೊಂದೂ ಬಿದಿರು ಗಳುವಿನಂತೆ ನೆಟ್ಟಗೆ ನಿಂತು, ನಡುವೆ ಗೋಡೆ ಬೋಳುಬೋಳಾಗಿ ಕಾಣುತ್ತಿತ್ತು.

"ಸಂಜೆ ಕಾಫಿ ಹೊತ್ತಿಗೆ ಮೈಸೂರಿಂದ ದೊಡ್ಡ ಸಾಹೇಬ್ರು ಬತ್ತಾವ್ರೆ. ನನ್ನ ಹೊಸ ಮಂಡಿಗೆ ಅವರ ರುಜು ಆಗ್ಬೇಕು," ಎಂದು ಬೆಳಿಗ್ಗೆಯೇ ಸಾವ್ಕಾರರು ಗುಡುಗಿದರು. "ಗೋಡೆ ಪೂರಾ ಗುಲಾಬಿ ಕಾಣ್ಬೇಕು. ಇಲ್ದಿದ್ರೆ ನಾಳೆ ನೀನು, ನಿನ್ನ ಹೆಂಡ್ರು ನಿಮ್ಮೂರು ಹಂಪಾಪುರದ ದಾರಿ ಹಿಡೀರಿ!"

ಅಂಕಯ್ಯನ ಎದೆ ಹೊಸ ಎತ್ತಿನ ಕೊರಳ ಗಂಟೆಯಂತೆ ಬಡಿದುಕೊಂಡಿತು. ಕೆಲಸ ಹೋದರೆ ಬಂಗಲೆ ಹಿಂದಿನ ಕೋಣೆಯೂ ಹೋಗುತ್ತದೆ. ಹೆಂಡತಿ ಪುಟ್ಟಸಿದ್ದಮ್ಮ ತುಂಬಿದ ಬಸುರಿ. ಇವತ್ತೋ ನಾಳೆಯೋ ಎನ್ನುವಂತಿದ್ದಾಳೆ.

ಸಾವ್ಕಾರರು ಸಾಹೇಬರನ್ನು ಕರೆತರಲು ಹೊರಟದ್ದೇ ತಡ, ಪಕ್ಕದ ಮನೆ ಮಂಗಳಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಇದೇನ್ ಅಂಕಣ್ಣ, ಅಲ್ಲುದುರಿದ ಮುದುಕನ ಬಾಯಿ ಇದ್ದಂಗದೆ!"

"ಎದರಿಸ್ಬ್ಯಾಡ ಕಣಕ್ಕ. ಮೊದಲೇ ಕೈಕಾಲು ಆಡ್ತಿಲ್ಲ."

"ನಿಂಗೊತ್ತಾಗಕಿಲ್ಲ ಬುಡು. ತಡಿ, ಉಚ್ಚಯ್ಯಣ್ಣನ್ನ ಕರೀತೀನಿ."

ಹುಚ್ಚಯ್ಯ ಸಾವ್ಕಾರರ ಹೊಲದಲ್ಲಿ ಹೊಗೆಸೊಪ್ಪು ಬೆಳೆಸುವ ಹಿರಿಯಾಳು. ಕೇಳದಿದ್ದವರಿಗೂ ಬುದ್ಧಿ ಹೇಳುವ ಮನುಷ್ಯ. ಬಂದವನೇ ಗಿಡಗಳನ್ನು ಸಂತೆಯ ದನ ನೋಡುವಂತೆ ನೋಡಿದ.

"ಲೇ ಅಂಕ, ನೆಟ್ಟಗೆ ಯಾಕ್ಲಾ ನಿಲ್ಸಿದ್ದೀಯ? ರೆಂಬೇನ ಅಡ್ಡಡ್ಡ ಮಲಗ್ಸು. ಅದರದು ಇದಕ್ಕೆ, ಇದರದು ಅದಕ್ಕೆ ಸೇರ್ಲಿ. ಗೋಡೆ ತಾನಾಗಿ ತುಂಬ್ಕತದೆ."

ಮಾತು ಸರಿಯಾಗಿತ್ತು. ಗೋಡೆಗೆ ಮೊಳೆ ಹೊಡೆದು ತಂತಿ ಎಳೆದರು. ಒಬ್ಬ ರೆಂಬೆ ಬಾಗಿಸಿದ, ಇನ್ನೊಬ್ಬ ಬಾಳೆ ನಾರಿನಲ್ಲಿ ಕಟ್ಟಿದ. ಮುಳ್ಳಿಗೆ ಅಂಕಯ್ಯನ ಮೊಳಕೈಯವರೆಗೆ ರಂಗೋಲಿ ಬಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಗೋಡೆ ಹಸಿರು ಜಮಖಾನ ಹಾಸಿದಂತಾಯಿತು, ಮೇಲೆಲ್ಲ ಕೆಂಪು ಮೊಗ್ಗು. ಅಂಕಯ್ಯನಿಗೆ ಅವತ್ತು ಮೊದಲ ಸಲ ಉಸಿರಾಡಬಹುದು ಅನ್ನಿಸಿತು.

"ನಮ್ಮಪ್ಪನಂಗೆ ಬಂದೆ ಕಣಣ್ಣ! ಒಂದೆರಡು ಕೊಡ ನೀರು ತತ್ತೀನಿ, ಇಲ್ಲೇ ಇರು."

ಅದೇ ತಪ್ಪಾಯಿತು. ಹುಚ್ಚಯ್ಯನ ಕೈಗಳು ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲ. ಹೊಗೆಸೊಪ್ಪಿನ ಗಿಡ ಕುಡಿಯಲ್ಲಿ ಮೊಗ್ಗು ತೋರಿಸಿದರೆ ಸಾಕು, ಅವನು ಚಿವುಟಿ ಎಸೆಯುತ್ತಾನೆ. ಗಿಡದ ಸಾರ ಹೂವಿಗೆ ಹೋದರೆ ಎಲೆ ಬಲಿಯುವುದಿಲ್ಲ.

ಅಂಕಯ್ಯ ಕೊಡ ಹೊತ್ತು ಬಂದಾಗ ಹುಚ್ಚಯ್ಯ ಗೋಡೆಯ ಕೊನೇ ಮೊಗ್ಗನ್ನು ಚಿವುಟುತ್ತಿದ್ದ. ಕೊಡ ಕೈಜಾರಿ ಕಾಲ ಮೇಲೆ ಬಿತ್ತು. ನೋವು ಕೂಡ ಅಂಕಯ್ಯನಿಗೆ ತಡವಾಗಿ ತಿಳಿಯಿತು.

"ಅಯ್ಯಯ್ಯೋ! ಏನ್ ಮಾಡ್ಬುಟ್ಟೆ ಅಣ್ಣ!"

"ಕುಡಿ ಮುರ್ದೆ ಕಣ್ಲಾ. ಇನ್ನು ನೋಡು, ಎಲೆ ಎಮ್ಮೆ ಕಿವಿಯಂಗೆ ಬತ್ತದೆ!"

"ಎಲೆ ಯಾರ್ಗಣ್ಣ ಬೇಕು? ಸಾಯೇಬ್ರು ಗುಲಾಬಿ ಸೊಪ್ಪು ಸೇದಾರಾ?"

ಹುಚ್ಚಯ್ಯ ತಲೆ ಕೆರೆದುಕೊಂಡ. ಮಂಗಳಮ್ಮ ಮತ್ತೆ ಇಣುಕಿ, ಲೊಚಗುಟ್ಟಿ, ತನ್ನ ಹಿತ್ತಲಿಂದ ಮಡಿಲ ತುಂಬ ಕೆಂಪು ದಾಸವಾಳ ತಂದಳು. "ದೂರಕ್ಕೆ ಯಾವ ಊವು ಅಂತ ಯಾರ್ಗೆ ಕಾಣ್ತದೆ? ದಾರದಲ್ಲಿ ಕಟ್ಟು."

ಮುಳುಗುವವನು ಹುಲ್ಲನ್ನಾದರೂ ಹಿಡಿದಾನು. ಅಂಕಯ್ಯ ದಾಸವಾಳವನ್ನೇ ಹಿಡಿದ. ಮೂವರೂ ಸೇರಿ ಗುಲಾಬಿ ರೆಂಬೆಗೆ ದಾಸವಾಳ ಕಟ್ಟಿದರು. ಕಣ್ಣು ಕಿರಿದು ಮಾಡಿ ನೋಡಿದರೆ ಪರವಾಗಿಲ್ಲ ಎನ್ನುವಂತಿತ್ತು. ಆದರೆ ಬಿಸಿಲು ಇಳಿದಂತೆ ಹೂವೂ ಸುರುಳಿ ಸುತ್ತಿಕೊಳ್ಳತೊಡಗಿತು. ಗೋಡೆ ತುಂಬ ಯಾರೋ ಕೆಂಪು ಬೀಡಿ ಕಟ್ಟಿ ನೇತುಹಾಕಿದಂತೆ!

ಅಷ್ಟರಲ್ಲಿ ಗೇಟಿನಾಚೆ ಮೋಟಾರಿನ ಸದ್ದು. ಮಂಗಳಮ್ಮ ಗೋಡೆಯಾಚೆ ಮಾಯ. ಹುಚ್ಚಯ್ಯ ಗೋಡೆ ಮುಗಿಯುವಲ್ಲಿನ ಬೇಲಿ ಹಾರಿದ. ಅಂಕಯ್ಯ ಹುಚ್ಚು ಹಿಡಿದವನಂತೆ ದಾಸವಾಳ ಕಿತ್ತು ಕಿತ್ತು ಪಂಚೆಗೆ ತುಂಬಿಕೊಂಡ. ಕಾರಿನ ಬಾಗಿಲು ತೆರೆಯುವಾಗ ಅವನು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದ, ಪುಟ್ಟಸಿದ್ದಮ್ಮನಿಗೆ ಜೋಡಿ ಎಂಬಂತೆ.

ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಇಳಿದರು. ಸಾವ್ಕಾರರು "ನಮ್ಮ ಗುಲಾಬಿ..." ಎಂದು ಗೋಡೆಯತ್ತ ಕೈ ಚಾಚಿದವರು ಹಾಗೇ ನಿಂತುಬಿಟ್ಟರು. ಹೂವಿಲ್ಲ. ಮೊಗ್ಗೂ ಇಲ್ಲ. ಅವರ ಮುಖ ಹದವಾಗಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಅಂಕಾ!"

ಅಂಕಯ್ಯ ಕಣ್ಣು ಮುಚ್ಚಿಕೊಂಡ.

ಸಾಹೇಬರು ಮೆಲ್ಲಗೆ ಕರವಸ್ತ್ರ ಸರಿಸಿದರು. ಅನುಮಾನದಿಂದ ಒಂದು ಸಣ್ಣ ಉಸಿರು ಎಳೆದರು. ಆಮೇಲೆ ಎದೆ ತುಂಬ ಎಳೆದರು. ಮೊಗ್ಗು ಚಿವುಟಿದ ಕುಡಿಗಳನ್ನು ನೋಡಿ ಅವರ ಮುಖ ಅರಳಿತು.

"ಇದನ್ನ ಯಾರು ಮಾಡಿದ್ದು?"

"ತಪ್ಪಾಯ್ತು ಬುದ್ದೀ," ಎಂದು ಅಂಕಯ್ಯ ಕಾಲಿಗೆ ಬಿದ್ದ. ಪಂಚೆಯ ದಾಸವಾಳವೆಲ್ಲ ಬೂಟಿನ ಮೇಲೆ ಸುರಿದು, ಪೂಜೆ ಮಾಡಿದಂತೆಯೇ ಆಯಿತು.

"ಏಳಪ್ಪ, ಏಳು. ಚಿಕ್ಕಬಸಪ್ಪ, ನಿಮ್ಮ ಮಂಡಿಗೆ ರುಜು ಆಯ್ತು ಅಂತಲೇ ತಿಳ್ಕೊಳ್ಳಿ. ಆದರೆ ಈ ಮಾಲಿ ನನಗೆ ಬೇಕು."

"ಇವತ್ತೇ ಕರ್ಕೊಂಡೋಗಿ ಸ್ವಾಮಿ!" ಎಂದರು ಸಾವ್ಕಾರರು, ಯೋಚನೆಯನ್ನೇ ಮಾಡದೆ.

ಸಾಹೇಬರು ಅಂಕಯ್ಯನನ್ನು ಗೋಡೆಯ ಮೂಲೆಗೆ ಕರೆದೊಯ್ದು ದನಿ ತಗ್ಗಿಸಿದರು. "ನೋಡು, ನಮ್ಮ ಬಂಗಲೆ ಸುತ್ತ ಇದೇ ಬಳ್ಳಿ ಗುಲಾಬಿ. ಅದು ಅರಳಿದರೆ ನನಗೆ ಸೀನು, ಉಬ್ಬಸ, ರಾತ್ರಿಯೆಲ್ಲ ನಿದ್ದೆ ಇಲ್ಲ. ನಮ್ಮಾಕೆಗೋ ಆ ಗಿಡಗಳೇ ಪ್ರಾಣ. ಒಂದು ಮೊಗ್ಗು ಮುಟ್ಟಿದ ಮಾಲಿಯನ್ನೂ ಅವಳು ಕೆಲಸದಲ್ಲಿ ಉಳಿಸಿಲ್ಲ. ನೀನು ಹೀಗೇ ಎಲ್ಲಾ ಮೊಗ್ಗನ್ನೂ ಚಿವುಟ್ತಾ ಇರಬೇಕು. ಒಂದು ಹೂವು ಅರಳಿತೋ, ನಿನ್ನ ಕೆಲಸ ಹೋಯ್ತು."

ಅಂಕಯ್ಯ ಬಗ್ಗಿ ಪಿಸುಗುಟ್ಟಿದ. "ಚಿವುಟೋದ್ನ ಅಮ್ಮಾವ್ರು ನೋಡ್ಬುಟ್ರೆ ಬುದ್ದಿ?"

"ನೋಡಿದರೂ ಹೋಯ್ತು. ನೀನು ಯಾರು ಅಂತಲೇ ನನಗೆ ಗೊತ್ತಿಲ್ಲ ಅಂತೀನಿ."

ಸಾಹೇಬರು ಹಗುರವಾಗಿ ಕಾಫಿಗೆ ನಡೆದರು. ಬೇಲಿಯ ಮೇಲೆ ಹುಚ್ಚಯ್ಯನ ತಲೆ ಮೂಡಿತು.

"ಏನ್ಲಾ ಅಂದ್ರು ಸಾಯೇಬ್ರು?"

"ಮೆಚ್ಕಂಡ್ರು ಕಣಣ್ಣ," ಎಂದ ಅಂಕಯ್ಯ, ಮತ್ತು ಅಲ್ಲೇ ಕುಕ್ಕರಿಸಿ ಜೋರಾಗಿ ಅಳತೊಡಗಿದ.